ಕಾಗದದ ಊರು ಫಾಬ್ರಿಯಾನೊ

ಹೋದ ಸಂಚಿಕೆಯ ನನ್ನ ಲೇಖನದಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿತ್ತು. ಪ್ರತಿ ಕೈಗೆ ಬಂದ ಕೂಡಲೆ ಇಂಕ್‌ಪೆನ್ನಿನಿಂದ ತಿದ್ದಲು ಹೋದೆ. ಶಾಯಿ ಹರಡಿ ಅಕ್ಷರ ಜೇಡನಂತಾಯಿತು. "ಸೈಕ್ಲೋಸ್ಟೈಲ್ ಕಾಗದ ಶಾಯಿ ಹೀರಲೇಬೇಕಪ್ಪಾ, ಇಲ್ಲದಿದ್ದರೆ ಅಚ್ಚು ಒಣಗೋದು ಹೇಗೆ?" ಎಂದು ಯಂತ್ರ ತಿರುಗಿಸುವ ಗೆಳೆಯ ನಕ್ಕ. ಹಾಗಾದರೆ ಬರೆಯುವ ಕಾಗದ ಶಾಯಿಯನ್ನು ತಡೆಯುವುದು ಹೇಗೆ ಅಂತ ಹುಡುಕುತ್ತ ಹೋದಾಗ ನನಗೆ ಸಿಕ್ಕಿದ ಊರು ಇದು.

ಫಾಬ್ರಿಯಾನೊ ಇರುವುದು ಮಧ್ಯ ಇಟಲಿಯ ಮಾರ್ಕೆ ಪ್ರಾಂತದಲ್ಲಿ, ಅಪೆನೈನ್ ಬೆಟ್ಟಗಳ ನಡುವೆ, ಜಾನೊ ಎಂಬ ಸಣ್ಣ ಹೊಳೆಯ ದಡದಲ್ಲಿ. ಚೀನಾದಲ್ಲಿ ಹುಟ್ಟಿ ಅರಬರ ಕೈದಾಟಿ ಬಂದ ಕಾಗದದ ವಿದ್ಯೆ 13ನೆಯ ಶತಮಾನದಲ್ಲಿ ಇಲ್ಲಿ ನೆಲೆಯೂರಿತು. ಆಗ ಕಾಗದಕ್ಕೆ ಮರ್ಯಾದೆ ಕಡಿಮೆ. 1231ರಲ್ಲಿ ಚಕ್ರವರ್ತಿ ಎರಡನೆಯ ಫ್ರೆಡರಿಕ್, ತನ್ನ ಸಿಸಿಲಿ ರಾಜ್ಯದಲ್ಲಿ ಸಾರ್ವಜನಿಕ ದಸ್ತಾವೇಜುಗಳನ್ನು ಚರ್ಮದ ಹಾಳೆಯ ಮೇಲೇ ಬರೆಯಬೇಕೆಂದು ಕಟ್ಟಳೆ ಮಾಡಿದ. ಅವನ ಅನುಮಾನ ಸುಳ್ಳಲ್ಲ. ಅರಬರ ಕಾಗದಕ್ಕೆ ಗಂಜಿಯ ಲೇಪ (ನಮ್ಮ ಕಡತದ ಬಟ್ಟೆಗೆ ಹುಣಿಸೆಬೀಜದ ಸರಿ ಬಳಿಯುತ್ತಿದ್ದರಲ್ಲ, ಹೆಚ್ಚುಕಡಿಮೆ ಹಾಗೆ). ತೇವದ ಹವೆಯಲ್ಲಿ ಗಂಜಿಗೆ ಬೂಷ್ಟು ಹಿಡಿಯುತ್ತದೆ, ಹುಳು ಬೀಳುತ್ತದೆ.

ಫಾಬ್ರಿಯಾನೊದವರು ಇದಕ್ಕೆ ಉತ್ತರ ಹುಡುಕಿದ್ದು ನೆರೆಮನೆಯಲ್ಲೇ ಎನ್ನಬೇಕು. ಊರಿನಲ್ಲಿ ಚರ್ಮ ಹದ ಮಾಡುವವರಿದ್ದರು. ಅವರು ಎಸೆದ ತೊಗಲಿನ ಚೂರುಗಳನ್ನು ಕುದಿಸಿ ಅಂಟು ತೆಗೆದು, ಹಾಳೆಗಳನ್ನು ಅದರಲ್ಲಿ ಅದ್ದಿ ಒಣಗಿಸಿದರು. ಶಾಯಿ ಹರಡುವುದು ನಿಂತಿತು, ಹಾಳೆಯೂ ಗಟ್ಟಿಯಾಯಿತು. ಉಣ್ಣೆಬಟ್ಟೆ ಬಡಿಯುವವರ ನೀರಿನ ಕೊಡತಿಗಳನ್ನು ನೋಡಿ ಚಿಂದಿ ಜಜ್ಜುವ ಕೊಡತಿ ಮಾಡಿಕೊಂಡರು: ಹೊಳೆ ಚಕ್ರ ತಿರುಗಿಸುತ್ತದೆ, ಮೊಳೆ ಹೊಡೆದ ಮರದ ತಲೆಗಳು ಕಲ್ಲಿನ ತೊಟ್ಟಿಯೊಳಗೆ ಬೀಳುತ್ತವೆ, ಹಳೆಯ ನಾರುಬಟ್ಟೆ ನುಣ್ಣನೆ ಅರೆಯುತ್ತದೆ.

ಮೂರನೆಯದು ನೀರುಗುರುತು. ನೋಟನ್ನು ಬೆಳಕಿಗೆ ಹಿಡಿದು ನೋಡುತ್ತೇವಲ್ಲ, ಅದೇ. ಹಾಳೆ ಎತ್ತುವ ಜರಡಿಗೆ ತಂತಿಯ ಚಿತ್ರ ಹೊಲಿದರೆ ಅಷ್ಟು ಜಾಗದಲ್ಲಿ ಕಾಗದ ತೆಳುವಾಗುತ್ತದೆ. 13ನೆಯ ಶತಮಾನದ ಕೊನೆಗೆ ಇದು ಬಳಕೆಗೆ ಬಂತು. 14ನೆಯ ಶತಮಾನದ ನ್ಯಾಯಶಾಸ್ತ್ರಜ್ಞ, ಪಕ್ಕದ ಸಾಸ್ಸೊಫೆರಾಟೊದ ಬಾರ್ತೊಲೊ, ಫಾಬ್ರಿಯಾನೊದ ಕಾಗದದವರ ಗುರುತುಗಳನ್ನು ತನ್ನ ಗ್ರಂಥದಲ್ಲಿ ಚರ್ಚಿಸಿದ್ದಾನೆ. ತಯಾರಕನ ಹೆಸರು ಉಳಿಯಲೆಂದು ಹಾಕಿದ ಗುರುತಿನಿಂದ ಇಂದು ವಿದ್ವಾಂಸರು ತಾರೀಖಿಲ್ಲದ ಹಳೆಯ ಪತ್ರಗಳ ಕಾಲ ಅಂದಾಜು ಮಾಡುತ್ತಾರೆ. ನನಗೆ ತುಂಬ ಹಿಡಿಸಿದ್ದು ಇದೇ.

ಅಲ್ಲಿನ ಹಳೆಯ ಡೊಮಿನಿಕನ್ ಮಠದ ಕಟ್ಟಡದಲ್ಲಿ ಕಾಗದದ ವಸ್ತುಸಂಗ್ರಹಾಲಯವಿದೆ. ಕೊಡತಿ ಬೀಳುವುದನ್ನೂ ಕೈಯಿಂದ ಹಾಳೆ ಎತ್ತುವುದನ್ನೂ ಅಲ್ಲಿ ತೋರಿಸುತ್ತಾರೆ.

ಈ ಲೇಖನದಲ್ಲೂ ಒತ್ತಕ್ಷರ ತಪ್ಪಿದ್ದರೆ ದಯವಿಟ್ಟು ಪೆನ್ಸಿಲಿನಲ್ಲಿ ತಿದ್ದಿಕೊಳ್ಳಿ.