ಮಕ್ಕಳ ವಯೋಧರ್ಮವೂ ತಾಯಿತಂದೆಗಳ ಕರ್ತವ್ಯವೂ

೨೦೦೫ರಲ್ಲಿ ಕೇಂದ್ರ ಸರ್ಕಾರವು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯೊಡನೆ ಸೇರಿ ಶಾಲೆಗಳಿಗಾಗಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ರೂಪಿಸಿತು. ಅದರ ಚಿತ್ರಗಳೂ ಪಾಠಗಳೂ ನಮ್ಮ ಸಂಸ್ಕೃತಿಗೆ ಸಲ್ಲವೆಂಬ ಆಕ್ಷೇಪವು ಹಲವು ಕಡೆ ಎದ್ದಿತು. ೨೦೦೭ರಲ್ಲಿ ಮಹಾರಾಷ್ಟ್ರ, ಮಧ್ಯಪ್ರದೇಶ ಮೊದಲಾದ ರಾಜ್ಯಗಳಂತೆ ಕರ್ನಾಟಕವೂ ಅದನ್ನು ತಡೆಹಿಡಿಯಿತು. ಅನಂತರ ಆ ಪಾಠಗಳನ್ನು ತಿದ್ದಲಾಯಿತು. "ಈ ವಿಷಯವು ಮನೆಗೆ ಸೇರಿದ್ದು, ಶಾಲೆಗಲ್ಲ" ಎಂಬುದು ಆಸ್ತಿಕ ತಾಯಿತಂದೆಗಳ ವಾದದ ಸಾರವಾಗಿತ್ತು.

ಈ ವಾದದಲ್ಲಿ ಯುಕ್ತಿಯಿಲ್ಲದಿಲ್ಲ. ಮಗುವಿನ ವಯಸ್ಸಿಗೆ ಮೀರಿದುದನ್ನು ತರಗತಿಯಲ್ಲಿ ತೋರಿಸಬಾರದು. ಸಂಯಮದ ಮಾತನ್ನೇ ಆಡದೆ ಕೇವಲ ರೋಗಭಯವನ್ನು ಬೋಧಿಸಿದರೆ ಶಿಕ್ಷಣವು ಪೂರ್ಣವಾಗದು. ಪಾಠವನ್ನು ಮೊದಲು ನಮಗೆ ತೋರಿಸಿರೆಂದು ಶಾಲೆಯನ್ನು ಕೇಳುವುದು ನ್ಯಾಯವೇ ಸರಿ. ಆದರೆ ವಿಷಯವು ಮನೆಯದೆಂದು ಹೇಳಿದ ಮೇಲೆ, ಮನೆಯಲ್ಲಿ ಅದನ್ನು ಹೇಳುವವರು ಯಾರು?

ನಮ್ಮ ಮನೆಗಳಲ್ಲಿ ಮೈನೆರೆದ ಹುಡುಗಿಗೆ ಏನೇನನ್ನು ಮುಟ್ಟಬಾರದೆಂಬುದು ಮೊದಲ ದಿನವೇ ತಿಳಿಯುತ್ತದೆ. ತನ್ನ ದೇಹದಲ್ಲಿ ಏನಾಗುತ್ತಿದೆ ಎಂಬುದು ತಿಳಿಯುವುದಿಲ್ಲ. ಹುಡುಗನು ಕೇಳಿದರೆ ಗದರಿಕೆಯೇ ಉತ್ತರ. ಗದರಿಸಿಕೊಂಡ ಮಗು ಜಿಜ್ಞಾಸೆಯನ್ನು ಬಿಡುವುದಿಲ್ಲ. ನಮ್ಮನ್ನು ಕೇಳುವುದನ್ನು ಬಿಡುತ್ತದೆ. ಇಂದು ಅದರ ಕೈಯಲ್ಲಿ ಮೊಬೈಲ್ ಇದೆ.

ಇದಕ್ಕಿಂತಲೂ ಘೋರವಾದ ಅಪಾಯವೊಂದಿದೆ. ಅದೇ ೨೦೦೭ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು ಒಂದು ಅಧ್ಯಯನವನ್ನು ಪ್ರಕಟಿಸಿತು. ೧೩ ರಾಜ್ಯಗಳ ೧೨,೪೪೭ ಮಕ್ಕಳನ್ನು ವಿಚಾರಿಸಿದಾಗ ಶೇಕಡ ೫೩.೨೨ ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಪೀಡೆಯನ್ನು ಅನುಭವಿಸಿದ್ದಾಗಿ ತಿಳಿಸಿದರು. ಪೀಡಕರಲ್ಲಿ ಅರ್ಧದಷ್ಟು ಜನ ಮಗುವಿಗೆ ಪರಿಚಿತರು ಅಥವಾ ಅದರ ವಿಶ್ವಾಸಕ್ಕೆ ಪಾತ್ರರಾದವರು. ದೇಹದ ಕೆಲವು ಅಂಗಗಳ ಹೆಸರನ್ನೇ ಎತ್ತಬಾರದೆಂದು ಬೆಳೆದ ಮಗು ತನಗಾದ ಅನ್ಯಾಯವನ್ನು ಯಾವ ಮಾತಿನಿಂದ ಹೇಳೀತು?

ಇಂತಹ ವಿಷಯವನ್ನು ಮಾತನಾಡುವುದೇ ನಮ್ಮ ಸಂಪ್ರದಾಯಕ್ಕೆ ವಿರುದ್ಧವೆನ್ನುವವರು ಸ್ವಲ್ಪ ವಿಚಾರಿಸಬೇಕು. ಷೋಡಶ ಸಂಸ್ಕಾರಗಳಲ್ಲಿ ಮೊದಲನೆಯದು ಗರ್ಭಾಧಾನ. ಶ್ರೀಮದ್ಭಾಗವತದ ತೃತೀಯಸ್ಕಂಧದಲ್ಲಿ ಕಪಿಲರೂಪಿಯಾದ ಭಗವಂತನು ತಾಯಿ ದೇವಹೂತಿಗೆ ಗರ್ಭಸ್ಥ ಶಿಶುವಿನ ಬೆಳವಣಿಗೆಯನ್ನು ಮೊದಲ ರಾತ್ರಿಯಿಂದ ಆರಂಭಿಸಿ ತಿಂಗಳು ತಿಂಗಳ ಕ್ರಮದಲ್ಲಿ ತಿಳಿಸುತ್ತಾನೆ. ಪ್ರವಚನದಲ್ಲಿ ಅದನ್ನು ಹಿರಿಯರೂ ಕಿರಿಯರೂ ಒಟ್ಟಿಗೆ ಕುಳಿತು ಕೇಳುತ್ತೇವೆ. ಗೀತೆಯ ಏಳನೆಯ ಅಧ್ಯಾಯವು ಧರ್ಮಕ್ಕೆ ವಿರೋಧವಿಲ್ಲದ ಕಾಮವನ್ನು ನಿಂದಿಸುವುದಿಲ್ಲ. ನಮ್ಮ ಹಿರಿಯರು ವಿಧಿಸಿದ್ದು ಮರ್ಯಾದೆಯನ್ನು, ಅಜ್ಞಾನವನ್ನಲ್ಲ.

ಆದುದರಿಂದ ತಾಯಿತಂದೆಗಳು ಹೀಗೆ ನಡೆದುಕೊಳ್ಳುವುದು ಉಚಿತ. ಐದಾರು ವರ್ಷದ ಮಗುವಿಗೆ ಅಂಗಗಳ ಹೆಸರನ್ನೂ, ಯಾರೂ ಮುಟ್ಟಬಾರದ ಸ್ಥಳಗಳನ್ನೂ ಹೇಳಿಕೊಡಬೇಕು. ಹಿರಿಯರಿಗೆ ನಮಸ್ಕರಿಸೆಂದು ಕಲಿಸುವಾಗಲೇ, ತಪ್ಪಾಗಿ ಮುಟ್ಟುವವರು ಎಷ್ಟೇ ಹಿರಿಯರಾದರೂ, ಬಂಧುಗಳಾದರೂ, ಬೇಡವೆಂದು ಹೇಳಿ ನಮ್ಮ ಬಳಿಗೆ ಓಡಿ ಬಾ ಎಂದೂ ಕಲಿಸಬೇಕು. ಒಂಬತ್ತು ಹತ್ತರ ವಯಸ್ಸಿನಲ್ಲಿ, ಮೈಯಲ್ಲಿ ಬದಲಾವಣೆಯಾಗುವ ಮೊದಲೇ, ಮಗಳಿಗೆ ತಾಯಿಯೂ ಮಗನಿಗೆ ತಂದೆಯೂ ಅದನ್ನು ವಿವರಿಸಬೇಕು. ಮುಂದೆ ಸಂಯಮ, ಪರರ ವಿಷಯದಲ್ಲಿ ಗೌರವ, ಗೃಹಸ್ಥಾಶ್ರಮದ ಹೊಣೆ ಇವುಗಳನ್ನು ತಿಳಿಸಬೇಕು.

ಮಗು ಬಂದು ದೂರಿದರೆ ಅದನ್ನು ನಂಬಬೇಕು. ಮನೆತನದ ಮಾನಕ್ಕೆ ಅಂಜಿ ಮುಚ್ಚಿಡುವುದು ಅಧರ್ಮ. ೨೦೧೨ರ ಪೋಕ್ಸೊ ಕಾಯಿದೆಯಂತೆ ಅಪರಾಧವೂ ಹೌದು. ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿಯ ಸಂಖ್ಯೆ ೧೦೯೮.

ಶಾಲೆಯ ಪಾಠವನ್ನು ವಿರೋಧಿಸುವ ಅಧಿಕಾರವು ಮನೆಯಲ್ಲಿ ಪಾಠ ಹೇಳುವವರಿಗೆ ಶೋಭಿಸುತ್ತದೆ. ಆ ಪಾಠವು ನಮ್ಮ ಮನೆಗಳಲ್ಲಿ ಆರಂಭವಾಗಲಿ.