ಮುಳ್ಳನ್‌ಕೊಲ್ಲಿಯ ಕರಿಮೆಣಸು ಮತ್ತು ಡಿಜಿಟಲ್ ಜಾಗತೀಕರಣ

ಕಬಿನಿ ದಡದ ಮುಳ್ಳನ್‌ಕೊಲ್ಲಿ ವಯನಾಡು ಜಿಲ್ಲೆಯ ಗ್ರಾಮ ಪಂಚಾಯಿತಿ. ನದಿಯಾಚೆ ಮೈಸೂರು ಜಿಲ್ಲೆಯ ಬೈರಕುಪ್ಪೆ. ಈ ಭಾಗ ಕರಿಮೆಣಸಿಗೆ ಹೆಸರುವಾಸಿ. ಪರೀಕ್ಷೆಯಲ್ಲಿ ಜಾಗತೀಕರಣದ ಪ್ರಶ್ನೆಗೆ ಬೆಂಗಳೂರಿನ ಐಟಿ ಉದಾಹರಣೆಯನ್ನು ಎಲ್ಲರೂ ಬರೆಯುತ್ತಾರೆ. ಮೆಣಸಿನದು ಅದಕ್ಕಿಂತ ಗಟ್ಟಿ ಉದಾಹರಣೆ.

ಅಂಗಳದಲ್ಲಿ ಮೆಣಸು ಒಣಗುತ್ತಿರುವಾಗಲೇ ಬೆಳೆಗಾರರು ಮೊಬೈಲ್‌ನಲ್ಲಿ ಕೊಚ್ಚಿಯ ದರ ನೋಡಬಹುದು: ಗಾರ್ಬಲ್ಡ್ (ಶುಚಿಗೊಳಿಸಿದ್ದು) ಎಷ್ಟು, ಅನ್‌ಗಾರ್ಬಲ್ಡ್ (ಶುಚಿಗೊಳಿಸದ್ದು) ಎಷ್ಟು. ವ್ಯಾಪಾರಿ ಹೇಳಿದ್ದೇ ಬೆಲೆ ಎಂಬ ಕಾಲ ಹೋಯಿತು. ಆದರೆ ಬೆಲೆ ತಿಳಿದ ಮಾತ್ರಕ್ಕೆ ಅದು ಅವರ ಕೈಗೆ ಬರುವುದಿಲ್ಲ. ಜಗತ್ತಿನ ಅತಿದೊಡ್ಡ ಮೆಣಸು ರಫ್ತುದಾರ ದೇಶ ವಿಯೆಟ್ನಾಂ. ಅಲ್ಲಿನ ಇಳುವರಿ ಇಲ್ಲಿನ ದರವನ್ನೂ ಅಲುಗಿಸುತ್ತದೆ. 2000ರ ಮಾರ್ಚ್‌ನಲ್ಲಿ ಜಾರಿಯಾದ ಭಾರತ–ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದ ಆಮದಿನ ಸ್ಪರ್ಧೆಯನ್ನೂ ತಂದಿತು.

ನೆನಪಿಡಿ: ಸಾಂಬಾರ ಮಂಡಳಿಯ ಕೇಂದ್ರ ಕಚೇರಿ ಕೊಚ್ಚಿ. ಕೃಷಿ ಉತ್ಪನ್ನಗಳ ಆನ್‌ಲೈನ್ ಮಾರುಕಟ್ಟೆ ಇ-ನ್ಯಾಮ್ ಆರಂಭ 2016ರ ಏಪ್ರಿಲ್ 14. ಕೇರಳ ಸರ್ಕಾರದ ಇಂಟರ್ನೆಟ್ ಜಾಲ ಕೆ-ಫೋನ್ ಉದ್ಘಾಟನೆ 2023ರ ಜೂನ್ 5.

ಡಿಜಿಟಲ್ ಜಾಗತೀಕರಣದಿಂದ ದುಡಿಮೆಯ ಸ್ವರೂಪವೂ ಬದಲಾಗಿದೆ. ಖಾಯಂ ನೌಕರಿಯಿಲ್ಲದೆ ಕೆಲಸದ ಲೆಕ್ಕದಲ್ಲಿ ದುಡಿಯುವ ಗಿಗ್ ಕಾರ್ಮಿಕರನ್ನು ದೇಶದ ಕಾನೂನಿನಲ್ಲಿ ಮೊದಲು ವ್ಯಾಖ್ಯಾನಿಸಿದ್ದು ಸಾಮಾಜಿಕ ಭದ್ರತಾ ಸಂಹಿತೆ, 2020. ಅವರಿಗಾಗಿ ಪ್ರತ್ಯೇಕ ಕಾಯ್ದೆ ತಂದ ಮೊದಲ ರಾಜ್ಯ ರಾಜಸ್ಥಾನ (2023). ಕರ್ನಾಟಕದ ಕಾಯ್ದೆ 2025ರದು. ಪ್ರಬಂಧ ಬರೆಯುವಾಗ ಈ ಇಸವಿಗಳ ಜೊತೆ ಬೆಳೆಗಾರರ ಸ್ಥಿತಿಯನ್ನೂ ತಪ್ಪದೆ ಸೇರಿಸಿ.