ಬಿಸಿಲೂರಿನಲ್ಲಿ ಗೇಮಿಂಗ್ ಲ್ಯಾಪ್‌ಟಾಪ್

ತಮ್ಮಾ, ಬೆಂಗಳೂರಿನ ಹಾಸ್ಟೆಲ್ಲಿನಲ್ಲಿ ಚೆನ್ನಾಗಿಯೇ ಓಡುತ್ತಿದ್ದ ಲ್ಯಾಪ್‌ಟಾಪ್ ಬೇಸಿಗೆ ರಜೆಗೆ ಹಿರೇಕೊಟ್ನೆಕಲ್ಲಿಗೆ ತಂದ ಮೇಲೆ ಆಟದ ನಡುವೆ ತಡವರಿಸುತ್ತದೆ, ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಕೂಗುತ್ತದೆ, ಕೀಬೋರ್ಡಿನ ಮೇಲೆ ಕೈ ಇಡಲಾಗುವುದಿಲ್ಲ ಅಂದೆ. ಗ್ರಾಫಿಕ್ಸ್ ಕಾರ್ಡ್ ಹೋಯಿತೇನೋ, ಬಂದಷ್ಟಕ್ಕೆ ಮಾರಿಬಿಡಲೇ ಎಂದೂ ಕೇಳಿದೆ. ಅವಸರ ಮಾಡಬೇಡ. ನೀನು ಹೇಳಿದ್ದನ್ನು ಕೇಳಿದರೆ ಕಾರ್ಡ್ ಕೆಟ್ಟಿಲ್ಲ, ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ ಅನ್ನಿಸುತ್ತದೆ. ಲ್ಯಾಪ್‌ಟಾಪಿನ ಜಿಪಿಯು, ಅಂದರೆ ಗ್ರಾಫಿಕ್ಸ್ ಕಾರ್ಡಿನ ಚಿಪ್, ಸಾಮಾನ್ಯವಾಗಿ 87 ಡಿಗ್ರಿಯ ಆಸುಪಾಸಿಗೆ ಬಂದಾಗ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಆಗಲೇ ಆಟ ತಡವರಿಸುವುದು.

ಲ್ಯಾಪ್‌ಟಾಪ್ ಜೊತೆ ಬಂದ ಪುಸ್ತಕದಲ್ಲಿ ಒಂದು ಸಾಲು ಹುಡುಕಿ ನೋಡು. ಎಷ್ಟು ಬಿಸಿಯ ಜಾಗದಲ್ಲಿ ಇದನ್ನು ಬಳಸಬಹುದು ಎಂದು ಬರೆದಿರುತ್ತಾರೆ. ಹೆಚ್ಚಿನ ಕಂಪನಿಗಳು ಹೇಳುವುದು 35 ಡಿಗ್ರಿವರೆಗೆ. ನಮ್ಮ ರಾಯಚೂರು ಜಿಲ್ಲೆಯಲ್ಲಿ ಏಪ್ರಿಲ್, ಮೇ ಮಧ್ಯಾಹ್ನ 40 ದಾಟುವುದು ಮಾಮೂಲು. ಒಳಗಿನ ಫ್ಯಾನು ತಂಪು ಹುಟ್ಟಿಸುವುದಿಲ್ಲ; ಕೋಣೆಯ ಗಾಳಿಯನ್ನು ಕೆಳಗಿನಿಂದ ಎಳೆದುಕೊಂಡು, ಕಾದ ತಾಮ್ರದ ಪೈಪಿನ ತುದಿಯ ರೆಕ್ಕೆಗಳ ಮೇಲೆ ಹಾಯಿಸಿ ಹೊರಗೆ ತಳ್ಳುತ್ತದೆ, ಅಷ್ಟೇ. ಬೆಂಗಳೂರಿನ 26 ಡಿಗ್ರಿ ಗಾಳಿಯಲ್ಲಿ 75ಕ್ಕೆ ನಿಲ್ಲುತ್ತಿದ್ದ ಕಾರ್ಡ್ ಇಲ್ಲಿನ 40 ಡಿಗ್ರಿ ಗಾಳಿಯಲ್ಲಿ ಅದೇ ಕೆಲಸಕ್ಕೆ 89ರ ಕಡೆ ಹೊರಡುತ್ತದೆ. ಕೋಣೆ ಎಷ್ಟು ಏರಿತೋ ಹೆಚ್ಚುಕಡಿಮೆ ಅಷ್ಟೇ ಕಾರ್ಡೂ ಏರುತ್ತದೆ. ಇದನ್ನು ಮನಸ್ಸಿಗೆ ತಂದುಕೊಂಡರೆ ಏನು ಮಾಡಬೇಕೆಂಬುದು ತಾನಾಗಿ ತಿಳಿಯುತ್ತದೆ.

ಮೊದಲು ಹೊತ್ತು ನೋಡಿಕೋ. ಊಟವಾದ ಮೇಲೆ ಎರಡರಿಂದ ಐದರವರೆಗೆ ದೊಡ್ಡ ಆಟ ಬೇಡವೇ ಬೇಡ. ರಾತ್ರಿ ತಂಪಲ್ಲವೇ ಅನ್ನುತ್ತೀಯ. ನಿಮ್ಮ ಮನೆಯದು ಆರ್‌ಸಿಸಿ ಮಾಳಿಗೆ. ಹಗಲೆಲ್ಲ ಕುಡಿದ ಬಿಸಿಲನ್ನು ಅದು ರಾತ್ರಿ ಹತ್ತು ಹನ್ನೊಂದರವರೆಗೂ ಕೋಣೆಯೊಳಗೆ ಕಕ್ಕುತ್ತಿರುತ್ತದೆ. ಹೊರಗಿನ ಕಟ್ಟೆ ತಣ್ಣಗಾದರೂ ನಿನ್ನ ಕೋಣೆ ಆಗಿರುವುದಿಲ್ಲ. ನನ್ನ ಮಾತು ಕೇಳುವುದಾದರೆ ಬೆಳಗಿನ ಜಾವ ಎದ್ದು ಎಂಟರೊಳಗೆ ಆಡಿ ಮುಗಿಸು. ಕಿಟಕಿ ಬಾಗಿಲು ತೆರೆದಿರಲಿ. ಗೇಮಿಂಗ್ ಲ್ಯಾಪ್‌ಟಾಪಿನ ಚಾರ್ಜರ್ ಮೇಲೆ 180, 230 ವ್ಯಾಟ್ ಎಂದು ಬರೆದಿರುವುದನ್ನು ಕಂಡಿದ್ದೀಯಲ್ಲ, ಅದು ಎಳೆದುಕೊಳ್ಳುವ ಕರೆಂಟು ಕೊನೆಗೆ ಪೂರ್ತಿ ಶಾಖವಾಗಿ ಕೋಣೆಗೇ ಬರುತ್ತದೆ.

ಗಾದಿಯ ಮೇಲೆ, ಕೌದಿಯ ಮೇಲೆ ಇಟ್ಟುಕೊಂಡು ಆಡುವುದನ್ನು ಇಂದೇ ಬಿಡು. ಬಟ್ಟೆ ಕೆಳಗಿನ ಗಾಳಿಕಿಂಡಿಗಳನ್ನು ಮುಚ್ಚಿಬಿಡುತ್ತದೆ. ಟೇಬಲ್ ಮೇಲಿಟ್ಟು ಹಿಂದಿನ ಎರಡು ಮೂಲೆಗೆ ಎರಡು ಬೆರಳು ಎತ್ತರದ ಮರದ ತುಂಡು ಕೊಡು. ಕಿಂಡಿಗೆ ಅಡ್ಡ ಬಾರದಿದ್ದರೆ ಸಾಕು. ದುಡ್ಡು ಕೊಟ್ಟು ಕೂಲಿಂಗ್ ಪ್ಯಾಡ್ ತರುವ ಮುಂಚೆ ಇದನ್ನು ಮಾಡಿ ನೋಡು. ನೀರಿನ ಕೂಲರ್ ನಮ್ಮ ಒಣ ಬೇಸಿಗೆಗೆ ಹೇಳಿಮಾಡಿಸಿದ್ದು, ಕೋಣೆಯ ಗಾಳಿಯನ್ನು ನಿಜವಾಗಿಯೂ ಇಳಿಸುತ್ತದೆ. ಆದರೆ ಅದರ ಬಾಯಿಯ ಎದುರಿಗೇ ಲ್ಯಾಪ್‌ಟಾಪ್ ಇಡಬೇಡ, ಕೆಲವು ಕೂಲರ್ ಸಣ್ಣ ಹನಿಗಳನ್ನೂ ಎರಚುತ್ತವೆ. ಒದ್ದೆ ಬಟ್ಟೆ, ಐಸ್ ಗಡ್ಡೆ ಹತ್ತಿರವೂ ತರಬೇಡ.

ಇನ್ನು ಸೆಟ್ಟಿಂಗ್ಸ್. ದುಡ್ಡಿಲ್ಲದೆ ಅತಿ ಹೆಚ್ಚು ಫಲ ಸಿಗುವುದು ಇಲ್ಲೇ, ಹುಡುಗರು ಕೈ ಹಾಕದಿರುವುದೂ ಇಲ್ಲೇ. ಪರದೆ 144 ಹರ್ಟ್ಸ್ ಇದೆಯೆಂದು ಆಟವನ್ನು 144 ಫ್ರೇಮಿನಲ್ಲೇ ಓಡಿಸಬೇಕೆಂದಿಲ್ಲ. ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಮ್ಯಾಕ್ಸ್ ಫ್ರೇಮ್ ರೇಟ್ ಎಂಬುದನ್ನು 60ಕ್ಕೆ ಕಟ್ಟಿಹಾಕು. ಕಾರ್ಡ್ ಸೆಕೆಂಡಿಗೆ ಬಿಡಿಸಬೇಕಾದ ಚಿತ್ರಗಳು ಅರ್ಧಕ್ಕಿಂತ ಕಡಿಮೆಯಾಗುತ್ತವೆ, ಶಾಖವೂ ಇಳಿಯುತ್ತದೆ. ರೇ ಟ್ರೇಸಿಂಗ್ ಆರಿಸು, ನೆರಳಿನ ಗುಣಮಟ್ಟ ಒಂದು ಮೆಟ್ಟಿಲು ಇಳಿಸು. ಟರ್ಬೊ ಬಿಟ್ಟು ಬ್ಯಾಲೆನ್ಸ್ಡ್ ಮೋಡ್‌ನಲ್ಲಿ ಆಡು. ಹೆಚ್ಚಿನ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್ ಮತ್ತು ಜಿಪಿಯು ಒಂದೇ ಪೈಪುಗಳ ಮೂಲಕ ಬಿಸಿ ಬಿಡುತ್ತವೆ, ಹಾಗಾಗಿ ಪ್ರೊಸೆಸರ್ ತಣ್ಣಗಾದರೆ ಕಾರ್ಡಿಗೂ ಉಸಿರು. ವಿಂಡೋಸ್ ಪವರ್ ಆಪ್ಷನ್ಸ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ 100 ಇರುವುದನ್ನು 99 ಮಾಡಿದರೆ ಸಾಮಾನ್ಯವಾಗಿ ಪ್ರೊಸೆಸರಿನ ಬೂಸ್ಟ್ ನಿಲ್ಲುತ್ತದೆ. ಒಂದೇ ಅಂಕಿಯ ಬದಲಾವಣೆ, ಆದರೆ ಪ್ರೊಸೆಸರ್ ಎಷ್ಟೋ ಡಿಗ್ರಿ ಇಳಿದದ್ದನ್ನು ನಾನು ಕಂಡಿದ್ದೇನೆ. ಒಂದೊಂದನ್ನೇ ಬದಲಿಸುತ್ತ ಹೋಗು. ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ ಜಿಪಿಯು ಡಿಗ್ರಿ ಕಾಣುತ್ತದೆ. ಹದಿನೈದು ನಿಮಿಷ ಆಡಿದ ಮೇಲೆ ನೋಡಿ ಬರೆದಿಟ್ಟುಕೋ. ಯಾವುದರಿಂದ ಎಷ್ಟು ಇಳಿಯಿತೆಂದು ಆಗ ಗೊತ್ತಾಗುತ್ತದೆ.

ಇಷ್ಟಾದರೂ ಇಳಿಯದಿದ್ದರೆ ಧೂಳು. ಮಾನ್ವಿ, ಸಿಂಧನೂರು ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಬೆಳೆದ ಭತ್ತ ಮಷಿನ್ ಕಟಾವಿಗೆ ಬಂತೆಂದರೆ ಗಾಳಿಯ ತುಂಬ ಸುಂಕು. ಚಳಿಗಾಲದಲ್ಲಿ ಹತ್ತಿಯ ಎಳೆ. ಇವೆರಡೂ ಸೇರಿ ಫ್ಯಾನಿಗೂ ತಾಮ್ರದ ರೆಕ್ಕೆಗಳಿಗೂ ನಡುವೆ ದಪ್ಪ ಪದರವಾಗಿ ಕೂರುತ್ತವೆ. ಹೊರಗಿನಿಂದ ಬಾಯಲ್ಲಿ ಊದಿದರೆ ಅದು ಹೊರಬರುವುದಿಲ್ಲ, ಹಿಂದಿನ ಮುಚ್ಚಳ ತೆಗೆಯಲೇಬೇಕು. ವಾರಂಟಿ ಇರುವಾಗ ಕಂಪನಿಯ ಸರ್ವಿಸ್ ಸೆಂಟರಿಗೇ ಒಯ್ಯಿ, ದಾರಿ ದೂರವಾದರೂ ಚಿಂತೆಯಿಲ್ಲ. ವಾರಂಟಿ ಮುಗಿದಿದ್ದರೆ ಪವರ್ ಆಫ್ ಮಾಡಿ, ಚಾರ್ಜರ್ ತೆಗೆದು, ಬ್ಯಾಟರಿಯ ತಂತಿ ಬಿಡಿಸಿ, ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಲ್ಲಿ ಹಿಡಿದು ಬ್ಲೋವರಿನಿಂದ ಮೆಲ್ಲಗೆ ಊದು. ಮನೆಯ ವ್ಯಾಕ್ಯೂಮ್ ಕ್ಲೀನರ್ ಬಳಸಬೇಡ, ಸ್ಥಿರ ವಿದ್ಯುತ್ತಿನಿಂದ ಬೋರ್ಡಿಗೆ ಪೆಟ್ಟಾಗಬಹುದು.

ಥರ್ಮಲ್ ಪೇಸ್ಟ್ ಬದಲಿಸುವ ಕೆಲಸ ಮಾತ್ರ ಗೊತ್ತಿಲ್ಲದ ಕೈಗೆ ಕೊಡಬೇಡ. ಕೆಲವು ಮಾದರಿಗಳಲ್ಲಿ ಪೇಸ್ಟ್ ಬದಲು ದ್ರವ ಲೋಹ ಹಾಕಿರುತ್ತಾರೆ. ಅದು ವಿದ್ಯುತ್ ಹಾಯಿಸುವ ವಸ್ತು, ಬೋರ್ಡಿನ ಮೇಲೆ ಒಂದು ಹನಿ ಹರಿದರೆ ಲ್ಯಾಪ್‌ಟಾಪ್ ಹೋದಂತೆಯೇ. ಮೆಮೊರಿ ಚಿಪ್‌ಗಳ ಮೇಲಿನ ಪ್ಯಾಡ್ ಕೂಡ ಇದ್ದ ದಪ್ಪದ್ದೇ ಆಗಬೇಕು, ಇಲ್ಲದಿದ್ದರೆ ಕಾರ್ಡಿಗೂ ತಾಮ್ರಕ್ಕೂ ಸರಿಯಾಗಿ ಅಂಟು ಬೀಳುವುದಿಲ್ಲ. ಅಂಗಡಿಯವನು ಇವೆರಡರ ಬಗ್ಗೆ ತಾನಾಗಿ ಕೇಳದಿದ್ದರೆ ಲ್ಯಾಪ್‌ಟಾಪ್ ಎತ್ತಿಕೊಂಡು ಬಾ.

ಕಾರ್ಡಿಗಿಂತ ನನಗೆ ಹೆಚ್ಚು ಚಿಂತೆ ಇರುವುದು ಬ್ಯಾಟರಿಯದು. ಕಾರ್ಡ್ ಬಿಸಿಯಾದರೆ ತಾನೇ ನಿಧಾನಿಸುತ್ತದೆ. ಲಿಥಿಯಂ ಬ್ಯಾಟರಿಗೆ ದಿನವೂ ಬಿಸಿ ಬಡಿದರೆ ಬೇಗ ಮುಪ್ಪಾಗುತ್ತದೆ, ಕೆಲವೊಮ್ಮೆ ಉಬ್ಬುತ್ತದೆ. ಯಾವಾಗಲೂ ಚಾರ್ಜರ್ ಹಾಕಿಯೇ ಆಡುವವನು ನೀನು. ಕಂಪನಿಯ ಆ್ಯಪ್‌ನಲ್ಲಿ ಚಾರ್ಜಿನ ಮಿತಿ 80ಕ್ಕೋ 60ಕ್ಕೋ ನಿಲ್ಲಿಸುವ ಆಯ್ಕೆ ಇದ್ದರೆ ಇವತ್ತೇ ಹಾಕು. ಟಚ್‌ಪ್ಯಾಡ್ ಮೇಲೆದ್ದಂತೆ ಕಂಡರೆ, ಟೇಬಲ್ ಮೇಲೆ ಇಟ್ಟಾಗ ಲ್ಯಾಪ್‌ಟಾಪ್ ಓಲಾಡಿದರೆ, ಆ ಕ್ಷಣವೇ ಆರಿಸಿ ಚಾರ್ಜರ್ ಕಿತ್ತು ನಿಮ್ಮಪ್ಪನಿಗೆ ಹೇಳು. ಉಬ್ಬಿದ್ದನ್ನು ಒತ್ತಬೇಡ, ಚುಚ್ಚಬೇಡ. ಸರ್ವಿಸ್ ಸೆಂಟರಿನಲ್ಲಿ ಹೊಸದು ಹಾಕಿಸಿ, ಹಳೆಯದನ್ನು ಮನೆಗೆ ತರದೆ ಅಲ್ಲಿಯೇ ಒಪ್ಪಿಸಿ ಬಾ.